ಅಳಿಸದೆ ತಿದ್ದುವ ವಿದ್ಯೆ

ಸುಮಾರು ನಲವತ್ತು ವರ್ಷಗಳ ಹಿಂದೆ, ಹೌಸ್ ಸರ್ಜನ್ ಆಗಿ ವಾರ್ಡಿಗೆ ಕಾಲಿಟ್ಟ ಮೊದಲ ವಾರದಲ್ಲೇ ನಾನು ಚೆನ್ನಾಗಿ ಬೈಸಿಕೊಂಡೆ. ರೋಗಿಯ ಕೇಸ್ ಶೀಟಿನಲ್ಲಿ ಔಷಧದ ಪ್ರಮಾಣವನ್ನು ತಪ್ಪಾಗಿ ಬರೆದು, ಬ್ಲೇಡಿನಿಂದ ಕೆರೆದು, ಮೇಲೆ ಸರಿಯಾದ ಅಂಕಿ ಬರೆದಿದ್ದೆ. ನಮ್ಮ ಪ್ರಾಧ್ಯಾಪಕರು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಅವರು ಗದರಿದ್ದು ತಪ್ಪು ಬರೆದದ್ದಕ್ಕಲ್ಲ, ಕೆರೆದದ್ದಕ್ಕೆ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಹಳೆಯದು ಓದಲು ಸಿಗಬೇಕು, ಪಕ್ಕದಲ್ಲಿ ಹೊಸದನ್ನು ಬರೆದು ಸಹಿ, ದಿನಾಂಕ, ವೇಳೆ ಹಾಕಬೇಕು. ಬೆಳಗ್ಗೆ ರೋಗಿಗೆ ಎಷ್ಟು ಔಷಧ ಹೋಗಿರಬಹುದೆಂದು ರಾತ್ರಿ ಪಾಳಿಯ ವೈದ್ಯನಿಗೆ ತಿಳಿಯಬೇಡವೇ?

ತಂತ್ರಾಂಶ ಬರೆಯುವವರೂ ಇದೇ ಪಾಠವನ್ನು ತಮ್ಮ ದಾರಿಯಲ್ಲಿ ಕಲಿತರು. ಅದಕ್ಕೆ ವರ್ಷನ್ ಕಂಟ್ರೋಲ್, ಅಂದರೆ ಆವೃತ್ತಿ ನಿಯಂತ್ರಣ, ಎಂದು ಹೆಸರು. ಅದರ ಚರಿತ್ರೆಯನ್ನು ಓದುವ ಅಗತ್ಯ ನನ್ನಂಥ ನಿವೃತ್ತ ವೈದ್ಯನಿಗೆ ಏಕೆ ಬಂತೆಂಬುದನ್ನು ಮೊದಲು ಹೇಳಬೇಕು.

ನಾವು ಮಾಡಿಕೊಂಡ ಎಡವಟ್ಟು

ಕೆಲವು ವರ್ಷಗಳ ಹಿಂದೆ ಇಲ್ಲಿ ಇಂಗ್ಲೆಂಡಿನಲ್ಲಿ ನಾವು ನಾಲ್ವರು ಸೇರಿ ನಮ್ಮ ಭಾಗದ ಕನ್ನಡ ಹಿರಿಯರಿಗಾಗಿ ಮಧುಮೇಹ ತಪಾಸಣೆ ನಡೆಸಿದೆವು. ದಕ್ಷಿಣ ಏಷ್ಯಾದವರಲ್ಲಿ ಈ ಕಾಯಿಲೆ ಬೇಗ ಬರುತ್ತದೆ, ತೂಕ ಹೆಚ್ಚಿಲ್ಲದವರಿಗೂ ಬರುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಮೂರು ತಿಂಗಳ ಸಕ್ಕರೆಯ ಮಟ್ಟ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ, ಅಂಕಿಗಳನ್ನು ಒಂದು ಎಕ್ಸೆಲ್ ಕಡತದಲ್ಲಿ ತುಂಬಿದೆವು. ಆ ಕಡತ ಈಮೇಲಿನಲ್ಲಿ ನಾಲ್ಕು ಮನೆ ಸುತ್ತಿತು. 'ಫೈನಲ್' ಆಯಿತು, 'ಫೈನಲ್ 2' ಆಯಿತು, ಕೊನೆಗೆ 'ಇದೇ ಫೈನಲ್' ಆಯಿತು.

ಈ ಓಡಾಟದಲ್ಲಿ ಯಾರೋ ಹೆಸರುಗಳ ಕಾಲಮ್ಮನ್ನು ಮಾತ್ರ ಅಕಾರಾದಿಯಾಗಿ ಜೋಡಿಸಿದರು. ರಕ್ತದ ಅಂಕಿಗಳ ಕಾಲಮ್ಮು ಇದ್ದಲ್ಲೇ ಉಳಿಯಿತು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಹೋಯಿತು. ಪ್ರತಿ ಅಂಕಿಯೂ ನಂಬುವಂಥದ್ದೇ ಆಗಿದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಎಪ್ಪತ್ತು ದಾಟಿದ ಒಬ್ಬ ತಾಯಿಗೆ ನಾನೇ ಫೋನ್ ಮಾಡಿ "ಏನೂ ಯೋಚನೆ ಇಲ್ಲ ಅಮ್ಮ" ಎಂದೆ. ಎರಡು ತಿಂಗಳ ಮೇಲೆ ಅವರ ಮಗಳು ಫೋನ್ ಮಾಡಿದರು. ಅಮ್ಮನಿಗೆ ವಿಪರೀತ ಬಾಯಾರಿಕೆ, ವೈದ್ಯರು ನೋಡಿದರೆ ಸಕ್ಕರೆ ಬಹಳ ಏರಿದೆ ಎಂದರು. ನಾನು ಮೂಲ ಕಾಗದದ ಚೀಟಿ ಹುಡುಕಿದೆ. 48 ಮುಟ್ಟಿದರೇ ಮಧುಮೇಹ. ಅವರ ಚೀಟಿಯಲ್ಲಿ 71 ಇತ್ತು.

ಎಲ್ಲರಿಗೂ ಮತ್ತೆ ಫೋನ್ ಮಾಡಿ ಕ್ಷಮೆ ಕೇಳಿದೆವು. ಆದರೆ ತಪ್ಪು ಯಾವಾಗ, ಯಾರ ಕೈಯಲ್ಲಿ ಆಯಿತೆಂದು ಹೇಳಲು ಯಾವ ದಾಖಲೆಯೂ ಇರಲಿಲ್ಲ. ದಾಖಲೆ ಇಲ್ಲದ ಕಡೆ ಅನುಮಾನ ಹುಟ್ಟುತ್ತದೆ. ನಮ್ಮಲ್ಲಿ ಕಿರಿಯನಾಗಿದ್ದ ವಿದ್ಯಾರ್ಥಿಯನ್ನು ನಾನೇ ಎಲ್ಲರೆದುರು ಕೇಳಿದೆ. ಅವನು ಹೌದೆನ್ನಲಿಲ್ಲ, ಅಲ್ಲವೆಂದು ಸಾಧಿಸಲೂ ಅವನಿಂದ ಆಗಲಿಲ್ಲ. ಮುಂದಿನ ವಾರದಿಂದ ಅವನು ಬರುವುದನ್ನು ನಿಲ್ಲಿಸಿದ.

ಬೀಗದಿಂದ ಬೆಸುಗೆಗೆ

ಆವೃತ್ತಿ ನಿಯಂತ್ರಣದ ಮೊದಲ ಹೆಸರಾಂತ ಸಾಧನ ಎಸ್‌ಸಿಸಿಎಸ್. ಅದನ್ನು 1972ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ರಾಚ್‌ಕೈಂಡ್ ರಚಿಸಿದರು. ಪ್ರತಿ ತಿದ್ದುಪಡಿಗೂ ಇಡೀ ಕಡತವನ್ನು ನಕಲು ಮಾಡದೆ ಬದಲಾದ ಸಾಲುಗಳನ್ನು ಮಾತ್ರ ದಾಖಲಿಸಿ, ಬೇಕಾದ ಆವೃತ್ತಿಯನ್ನು ಮತ್ತೆ ಕಟ್ಟಿಕೊಡುವುದು ಅದರ ತಂತ್ರ. 1982ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಚಿ ಆರ್‌ಸಿಎಸ್ ರೂಪಿಸಿದರು. ಅದು ಹೊಸ ಆವೃತ್ತಿಯನ್ನು ಇಡಿಯಾಗಿ ಇಟ್ಟುಕೊಂಡು, ಹಳೆಯದಕ್ಕೆ ಹಿಂದೆ ಹೋಗುವ ದಾರಿಯನ್ನು ವ್ಯತ್ಯಾಸಗಳಾಗಿ ಉಳಿಸುತ್ತಿತ್ತು. ಎರಡರಲ್ಲೂ ಬೀಗದ ಪದ್ಧತಿ ಇತ್ತು. ಒಬ್ಬರು ಕಡತ ತೆಗೆದುಕೊಂಡರೆ, ಅದನ್ನು ಮರಳಿಸುವತನಕ ಉಳಿದವರು ಕಾಯಬೇಕು.

ಈ ಬೀಗವನ್ನು ತೆಗೆದ ಕಥೆ ನನಗೆ ಬಹಳ ಇಷ್ಟ. 1984-85ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಫ್ರೈ ವಿಶ್ವವಿದ್ಯಾಲಯದಲ್ಲಿ ಡಿಕ್ ಗ್ರೂನ ಎಂಬ ಅಧ್ಯಾಪಕರು ಇಬ್ಬರು ವಿದ್ಯಾರ್ಥಿಗಳೊಡನೆ ಒಂದು ಸಿ ಕಂಪೈಲರ್ ಬರೆಯುತ್ತಿದ್ದರು. ಒಬ್ಬ ವಿದ್ಯಾರ್ಥಿ ಒಂಬತ್ತರಿಂದ ಐದರವರೆಗೆ ಕ್ರಮವಾಗಿ ದುಡಿಯುವವನು, ಇನ್ನೊಬ್ಬನಿಗೆ ಹೊತ್ತುಗೊತ್ತಿಲ್ಲ, ಗುರುಗಳಿಗೆ ಬಿಡುವಾಗುವುದು ಸಂಜೆ ಮಾತ್ರ. ಒಬ್ಬರು ಬೀಗ ಹಾಕಿಕೊಂಡು ಮನೆಗೆ ಹೋದರೆ ಇಬ್ಬರ ಕೆಲಸ ನಿಲ್ಲುತ್ತದೆ. ಆದ್ದರಿಂದ ಮೂವರೂ ತಂತಮ್ಮ ಪ್ರತಿಯಲ್ಲಿ ತಿದ್ದಿ, ಕೊನೆಗೆ ಬದಲಾವಣೆಗಳನ್ನು ಒಂದಕ್ಕೊಂದು ಬೆಸೆಯುವ ವ್ಯವಸ್ಥೆಯನ್ನು ಅವರು ಆರ್‌ಸಿಎಸ್ ಮೇಲೆಯೇ ಕಟ್ಟಿದರು. ಇಬ್ಬರು ಒಂದೇ ಸಾಲನ್ನು ಮುಟ್ಟಿದ್ದರೆ ಮಾತ್ರ ಯಂತ್ರ ನಿಂತು, ನೀವೇ ಮಾತಾಡಿಕೊಂಡು ತೀರ್ಮಾನಿಸಿ ಎನ್ನುತ್ತದೆ. 1986ರಲ್ಲಿ ಹೊರಬಂದ ಇದೇ ಸಿವಿಎಸ್.

ಆಕ್ಲೆಂಡಿನ 'ಆರ್' ಭಾಷೆ

ದತ್ತಾಂಶ ವಿಜ್ಞಾನಕ್ಕೆ ಇದರ ಉಪಯೋಗ ಏನೆಂಬುದಕ್ಕೆ 'ಆರ್' ಎಂಬ ಸಂಖ್ಯಾಶಾಸ್ತ್ರದ ಭಾಷೆಯೇ ಒಳ್ಳೆಯ ನಿದರ್ಶನ. ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕ ಮತ್ತು ರಾಬರ್ಟ್ ಜಂಟಲ್‌ಮನ್ ಅದನ್ನು ಆರಂಭಿಸಿ, 1993ರಲ್ಲಿ ಹೊರಗಿನವರಿಗೆ ತಿಳಿಸಿದರು. 1995ರಲ್ಲಿ ಜೂರಿಕ್‌ನ ಮಾರ್ಟಿನ್ ಮೆಖ್ಲರ್ ಅವರ ಒತ್ತಾಸೆಯಿಂದ ಅದು ಮುಕ್ತ ತಂತ್ರಾಂಶವಾಯಿತು. ದೇಶದೇಶಗಳಿಂದ ತಿದ್ದುಪಡಿಗಳು ಬರತೊಡಗಿದವು. ಇಬ್ಬರೇ ಕೂತು ಅವನ್ನೆಲ್ಲ ಸೇರಿಸುವುದು ಆಗದಾಯಿತು. 1997ರಲ್ಲಿ ಒಂದು ಸಣ್ಣ ಕೋರ್ ತಂಡ ರಚಿಸಿ, ಮೂಲ ಸಂಕೇತವಿದ್ದ ಸಿವಿಎಸ್ ಭಂಡಾರಕ್ಕೆ ನೇರವಾಗಿ ಬರೆಯುವ ಅಧಿಕಾರವನ್ನು ಅದರ ಸದಸ್ಯರಿಗೆ ಕೊಟ್ಟರು. 2000ದ ಫೆಬ್ರವರಿ 29ರಂದು ಆವೃತ್ತಿ 1.0.0 ಬಂತು. ಭೂಮಿಯ ಎರಡು ತುದಿಗಳಲ್ಲಿದ್ದವರು ಒಂದೇ ಗ್ರಂಥವನ್ನು ಕೆಡಿಸದೆ ತಿದ್ದಿದರು. ಯಾವ ಸಾಲು ಯಾರದೆಂದು ತಿಳಿಯುತ್ತಿದ್ದುದರಿಂದಲೇ ಅವರ ನಡುವೆ ನಂಬಿಕೆ ಸಾಧ್ಯವಾಯಿತೆಂಬುದು ನನ್ನ ಅನಿಸಿಕೆ.

2005: ಗಿಟ್

ಲಿನಕ್ಸ್ ಕರ್ನೆಲ್ ತಂಡ 2002ರಿಂದ ಬಿಟ್‌ಕೀಪರ್ ಎಂಬ ಖಾಸಗಿ ಸಾಧನ ಬಳಸುತ್ತಿತ್ತು. 2005ರಲ್ಲಿ ವಿವಾದವೊಂದರ ನಂತರ ಅದರ ಉಚಿತ ಬಳಕೆ ನಿಂತಿತು. ಲೀನಸ್ ಟೊರ್ವಾಲ್ಡ್ಸ್ ಏಪ್ರಿಲ್ 3ರಂದು ಗಿಟ್ ಬರೆಯಲು ಕೂತರು. ಜೂನ್ 16ರಂದು ಹೊರಬಂದ ಕರ್ನೆಲ್ 2.6.12 ಗಿಟ್‌ನಲ್ಲೇ ಸಿದ್ಧವಾಗಿತ್ತು. ಜುಲೈನಲ್ಲಿ ಅದರ ಹೊಣೆ ಜುನಿಯೊ ಹಮಾನೊ ಅವರ ಕೈಗೆ ಹೋಯಿತು.

ಗಿಟ್‌ನಲ್ಲಿ ಪ್ರತಿಯೊಬ್ಬರ ಬಳಿಯೂ ಇಡೀ ಚರಿತ್ರೆಯ ಪ್ರತಿ ಇರುತ್ತದೆ. ಪ್ರತಿ ದಾಖಲೆಯ ಗುರುತು ಅದರ ಒಳಗಿರುವುದರಿಂದ ಮತ್ತು ಅದರ ಹಿಂದಿನ ದಾಖಲೆಯ ಗುರುತಿನಿಂದ ಲೆಕ್ಕ ಹಾಕಿ ಬರುತ್ತದೆ. ಹಳೆಯ ಒಂದು ಅಕ್ಷರವನ್ನು ಬದಲಿಸಿದರೂ ಮುಂದಿನ ಎಲ್ಲ ಗುರುತುಗಳೂ ಬದಲಾಗಿ ಕಳ್ಳತನ ಬಯಲಾಗುತ್ತದೆ. ಕೆರೆದ ಹಾಳೆಯನ್ನು ಬೆಳಕಿಗೆ ಹಿಡಿದ ನನ್ನ ಗುರುಗಳು ಇದನ್ನು ಮೆಚ್ಚುತ್ತಿದ್ದರು.

ಔಷಧಕ್ಕೂ ತಗುಲಿದ ತಪ್ಪು

ನಮ್ಮ ತಪಾಸಣೆಯಲ್ಲಿ ಆದಂಥದ್ದು ಬಹು ದೊಡ್ಡ ಕಡೆಯೂ ಆಗಿದೆ. 2006ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು, ಗೆಡ್ಡೆಯ ಜೀನ್‌ಗಳನ್ನು ನೋಡಿ ಯಾವ ಕ್ಯಾನ್ಸರ್ ಔಷಧ ಫಲಿಸುತ್ತದೆಂದು ಮುಂಚೆಯೇ ಹೇಳಬಹುದೆಂದು ಪ್ರಕಟಿಸಿದರು. ಅದನ್ನು ನಂಬಿ ಮರುವರ್ಷದಿಂದ ರೋಗಿಗಳ ಮೇಲೆ ಪ್ರಯೋಗಗಳೂ ನಡೆದವು. ಟೆಕ್ಸಸ್‌ನ ಎಂ. ಡಿ. ಆಂಡರ್ಸನ್ ಕೇಂದ್ರದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಆ ಲೆಕ್ಕವನ್ನು ಮತ್ತೆ ಮಾಡಿ ನೋಡಲು ಹೊರಟರು. ಹೆಜ್ಜೆಗಳ ದಾಖಲೆ ಇಲ್ಲದ್ದರಿಂದ ಪೊಲೀಸರಂತೆ ಹಿಂದಕ್ಕೆ ಹಿಂದಕ್ಕೆ ಊಹಿಸಬೇಕಾಯಿತು. ಅವರಿಗೆ ಕಂಡದ್ದು ಇದು: ಜೀನ್‌ಗಳ ಪಟ್ಟಿ ಒಂದು ಸಾಲು ಜಾರಿತ್ತು, ಕೆಲವು ಕಡೆ 'ಔಷಧಕ್ಕೆ ಮಣಿಯುವ' ಮತ್ತು 'ಮಣಿಯದ' ಎಂಬ ಹಣೆಪಟ್ಟಿಗಳು ಅದಲುಬದಲಾಗಿದ್ದವು. 2009ರಲ್ಲಿ ಅವರ ಲೇಖನ ಪ್ರಕಟವಾಯಿತು. 2010ರಲ್ಲಿ ಪ್ರಯೋಗಗಳು ನಿಂತವು, 2011ರಲ್ಲಿ ಮೂಲ ಪ್ರಬಂಧ ಹಿಂದಕ್ಕೆ ಹೋಯಿತು. ಮುಂದೆ ಅಮೆರಿಕ ಸರ್ಕಾರದ ವಿಚಾರಣೆ, ಅಲ್ಲಿ ಸುಳ್ಳು ದತ್ತಾಂಶವೂ ಇತ್ತೆಂದು ಹೇಳಿತು. ವಂಚನೆಗೆ ಗಿಟ್ ಮದ್ದಲ್ಲ, ನಿಜ. ಆದರೆ ಜಾರಿದ ಸಾಲು ಇಷ್ಟು ವರ್ಷ ಅಡಗಿ ಕೂರಲು ಅದು ಬಿಡುತ್ತಿರಲಿಲ್ಲ.

ಸಾಧನದ ಮಿತಿಗಳೂ ಇವೆ. ಗಿಟ್ ಸಾಲುಸಾಲಾದ ಪಠ್ಯವನ್ನು ಚೆನ್ನಾಗಿ ಹೋಲಿಸುತ್ತದೆ. ಎಕ್ಸೆಲ್ ಕಡತವಾದರೆ ಬದಲಾಗಿದೆ ಎನ್ನುತ್ತದೆ, ಎಲ್ಲಿ ಎಂದು ಹೇಳುವುದಿಲ್ಲ. ಜುಪಿಟರ್ ನೋಟ್‌ಬುಕ್ಕುಗಳಲ್ಲಿ ಲೆಕ್ಕದ ಜೊತೆ ಚಿತ್ರಗಳೂ ಒಂದೇ ಕಡತದಲ್ಲಿರುವುದರಿಂದ ಹೋಲಿಕೆ ಓದಲಾಗದಷ್ಟು ಗೋಜಲಾಗುತ್ತದೆ. ಅದಕ್ಕೆಂದೇ ಎನ್‌ಬಿಡೈಮ್, ಭಾರಿ ದತ್ತಾಂಶಕ್ಕೆ ಡಿವಿಸಿಯಂಥ ಸಾಧನಗಳು ಹುಟ್ಟಿವೆ. ವೈದ್ಯರು ಮರೆಯಬಾರದ ಇನ್ನೊಂದು ಮಾತಿದೆ. ಗಿಟ್ ಮರೆಯುವುದಿಲ್ಲ. ರೋಗಿಯ ಹೆಸರು ಒಮ್ಮೆ ಒಳಹೊಕ್ಕರೆ, ಇಂದಿನ ಕಡತದಿಂದ ತೆಗೆದರೂ ಚರಿತ್ರೆಯಲ್ಲಿ ಉಳಿಯುತ್ತದೆ. ಆದ್ದರಿಂದ ಒಳಗೆ ಇಡಬೇಕಾದ್ದು ಲೆಕ್ಕದ ಸಂಕೇತವನ್ನು, ಹೆಸರುಗಳನ್ನಲ್ಲ.

ಕೊನೆಯ ಮಾತು

ಮುಂದಿನ ತಪಾಸಣೆಗೆ ನಾವು ಹೀಗೆ ಮಾಡಿದೆವು. ಮೂಲ ಅಂಕಿಗಳ ಕಡತವನ್ನು ಬೀಗದಲ್ಲಿಟ್ಟು ಯಾರೂ ಮುಟ್ಟದಂತೆ ಮಾಡಿದೆವು. ಜೋಡಣೆ, ಲೆಕ್ಕ ಎಲ್ಲವನ್ನೂ ಆರ್ ಭಾಷೆಯಲ್ಲಿ ಬರೆದು ಗಿಟ್‌ನಲ್ಲಿಟ್ಟೆವು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದೆ ಸೇರಿಸುವಂತಿರಲಿಲ್ಲ. ಅರವತ್ತು ದಾಟಿದ ನನಗೆ ಇದನ್ನು ಕಲಿಯಲು ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಆ ಚಳಿಗಾಲದಲ್ಲೇ ನನ್ನ ಹಳೆಯ ಲ್ಯಾಪ್‌ಟಾಪ್ ಖಾಲಿ ಮಾಡುವಾಗ 'ಫೈನಲ್ 2' ಸಿಕ್ಕಿತು. ಕೊನೆಯದಾಗಿ ಉಳಿಸಿದ ವೇಳೆ ರಾತ್ರಿ ಹನ್ನೊಂದೂವರೆ, ಉಳಿಸಿದವನ ಹೆಸರು ನನ್ನದು. ಹೆಸರುಗಳು ಅಕಾರಾದಿಯಾಗಿದ್ದವು, ಅಂಕಿಗಳು ಹಾಗೇ ಇದ್ದವು. ನನಗೆ ಬಂದಿದ್ದ ಪ್ರತಿಯೂ ಈಮೇಲಿನಲ್ಲಿತ್ತು; ಅದರಲ್ಲಿ ಎಲ್ಲವೂ ಸರಿಯಾಗಿತ್ತು.

ಆ ಹುಡುಗನ ಮನೆಗೆ ಹೋಗಿ, ಅವನ ತಂದೆತಾಯಿಯರ ಮುಂದೆಯೇ ವಿಷಯ ಹೇಳಿ ಕ್ಷಮೆ ಕೇಳಿದೆ. "ಅಂಕಲ್, ನಾನೂ ನನ್ನದೇ ತಪ್ಪೇನೋ ಅಂದುಕೊಂಡಿದ್ದೆ" ಎಂದ. ಒಂದು ವರ್ಷಕ್ಕೂ ಹೆಚ್ಚು ಕಾಲ ಅವನು ಅದನ್ನು ಹೊತ್ತುಕೊಂಡಿದ್ದ.

ಪದವನ್ನಿಟ್ಟು ಅಳಿಸದ ಹೆಮ್ಮೆ ಕುಮಾರವ್ಯಾಸನಿಗೆ ಸಲ್ಲುತ್ತದೆ. ನಾವು ತಪ್ಪು ಬರೆಯುವವರು, ತಿದ್ದುವವರು. ನಮ್ಮ ಸಂಘದ ಕಿರಿಯರಲ್ಲಿ ಅನೇಕರು ದತ್ತಾಂಶದ ಕೆಲಸದಲ್ಲಿದ್ದಾರೆ. ಅವರಿಗೆ ಈ ಸಾಧನಗಳು ನನಗಿಂತ ಚೆನ್ನಾಗಿ ಗೊತ್ತು. ನಾನು ಹೇಳಬಲ್ಲದ್ದು ಇಷ್ಟೇ: ತಿದ್ದಿದ್ದು ಯಾರೆಂದು ಬರೆದಿಡುವುದು ತಪ್ಪು ಮಾಡಿದವನನ್ನು ಹಿಡಿಯಲು ಮಾತ್ರವಲ್ಲ. ತಪ್ಪು ಮಾಡದವನನ್ನು ಕಾಪಾಡಲಿಕ್ಕೂ ಅದು ಬೇಕು.