ಆ ದಿನದ ಪುಟ ಎಲ್ಲಿದೆ?

ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ಲಾರೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿದೆ. ಅಲ್ಲಿಯ ದಿನಪತ್ರಿಕೆ ಲಾರೆನ್ಸ್ ಜರ್ನಲ್-ವರ್ಲ್ಡ್. 2003ರಲ್ಲಿ ಅದರ ವೆಬ್ ವಿಭಾಗದಲ್ಲಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಇಂಗ್ಲೆಂಡಿನಿಂದ ಬಂದಿದ್ದ ವಿದ್ಯಾರ್ಥಿ ಸೈಮನ್ ವಿಲ್ಲಿಸನ್ ಒಂದು ಹೊಸ ಏರ್ಪಾಡನ್ನು ಕಟ್ಟತೊಡಗಿದರು. ಸುದ್ದಿಮನೆಯವರು ಕೇಳಿದ್ದು ದಿನಗಳಲ್ಲಿ, ಕೆಲವೊಮ್ಮೆ ಗಂಟೆಗಳಲ್ಲಿ, ಸಿದ್ಧವಾಗಬೇಕಿತ್ತು. ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಜ್ಯಾಂಗೋ ಹುಟ್ಟಿದ್ದು ಈ ಗಡಿಬಿಡಿಯಲ್ಲಿ.

ಅವರ ಮುಂದಿದ್ದ ತೊಡಕು ವೆಬ್ಬಿನಷ್ಟೇ ಹಳೆಯದು. ಆರಂಭದ ಜಾಲತಾಣಗಳಲ್ಲಿ ಸಾಮಾನ್ಯವಾಗಿ ಒಂದು ಪುಟವೆಂದರೆ ಒಂದು ಕಡತ. ತಲೆಬರಹ, ಪಕ್ಕದ ಪಟ್ಟಿ, ಕೆಳಗಿನ ವಿಳಾಸ ಎಲ್ಲವೂ ಪ್ರತಿ ಕಡತದಲ್ಲೂ ಇರುತ್ತಿದ್ದವು. ಫೋನ್ ನಂಬರ್ ಬದಲಾದರೆ ನೂರು ಕಡತ ತಿದ್ದಬೇಕು. ರಾಸ್ಮಸ್ ಲೆರ್ಡಾರ್ಫ್ 1995ರಲ್ಲಿ ಹೊರತಂದ ಪಿಎಚ್‌ಪಿ ಜನಪ್ರಿಯವಾದ ಮೇಲೆ ಒಂದು ದಾರಿ ರೂಢಿಗೆ ಬಂತು: ಪುಟದ ಮೇಲರ್ಧ ಒಂದು ಕಡತ, ಕೆಳಗರ್ಧ ಇನ್ನೊಂದು, ನಡುವೆ ಡೇಟಾಬೇಸಿನಿಂದ ತಂದ ವಿಷಯ. ತಿದ್ದುವ ಕೆಲಸ ಕಡಿಮೆಯಾಯಿತು. ಆದರೆ ಮೇಲಿನ ಕಡತದಲ್ಲಿ ತೆರೆದ ಕೋಷ್ಟಕ ಮುಚ್ಚುತ್ತಿದ್ದುದು ಕೆಳಗಿನ ಕಡತದಲ್ಲಿ. ಪುಟದ ಪೂರ್ಣರೂಪ ಯಾವ ಕಡತದಲ್ಲೂ ಇರಲಿಲ್ಲ. ವಿನ್ಯಾಸಕಾರರು ಮುಟ್ಟಿದರೆ ಪ್ರೋಗ್ರಾಂ ಕೆಡುತ್ತಿತ್ತು, ಪ್ರೋಗ್ರಾಮರ್ ಮುಟ್ಟಿದರೆ ವಿನ್ಯಾಸ.

ಜ್ಯಾಂಗೋ ಇದನ್ನು ತಿರುವುಮುರುವು ಮಾಡಿತು. ಲಗ್ನಪತ್ರಿಕೆ ಮುದ್ರಿಸುವವರ ಬಳಿ ಗಣಪತಿಯ ಚಿತ್ರ, ಅಂಚಿನ ಬಳ್ಳಿ ಎಲ್ಲ ಇರುವ ಸಿದ್ಧ ಕಾರ್ಡುಗಳಿರುತ್ತವೆ; ವಧೂವರರ ಹೆಸರು, ಮುಹೂರ್ತ, ಸ್ಥಳಕ್ಕೆ ಮಾತ್ರ ಜಾಗ ಖಾಲಿ. ಹಾಗೆಯೇ ಇಲ್ಲಿ ಮೂಲ ಟೆಂಪ್ಲೇಟ್ ಒಂದು ಇಡೀ ಪುಟ. ಅದರಲ್ಲಿ ಹೆಸರಿಟ್ಟ ಖಾಲಿ ಜಾಗಗಳಿರುತ್ತವೆ. ಸುದ್ದಿಯ ಟೆಂಪ್ಲೇಟ್ 'ನಾನು ಆ ಮೂಲದ ಮಗು' ಎಂದು ಮೊದಲ ಸಾಲಿನಲ್ಲಿ ಸಾರಿ, ತನಗೆ ಬೇಕಾದ ಜಾಗಗಳನ್ನಷ್ಟೇ ತುಂಬುತ್ತದೆ. ಡೇಟಾಬೇಸಿನಿಂದ ಸುದ್ದಿ ತರುವ ಕೆಲಸ ಬೇರೆ ಕಡತದ್ದು.

ಇನ್ನೊಂದು ಗಂಟು ಉಳಿಯುತ್ತದೆ. ಪಕ್ಕದಲ್ಲಿ ಕಾಣುವ 'ಇತ್ತೀಚಿನ ಸುದ್ದಿ' ಯಾವ ಒಂದು ಪುಟದ್ದೂ ಅಲ್ಲ, ಚೌಕಟ್ಟಿನದೇ. ಪ್ರತಿ ಪುಟವೂ ಅದನ್ನು ಹೊತ್ತು ತರಬೇಕೇ? ಚೌಕಟ್ಟಿನೊಳಗೆ ಒಂದು ಪುಟ್ಟ ಟ್ಯಾಗ್ ಇಟ್ಟು, ಅದೇ ಡೇಟಾಬೇಸಿಗೆ ಹೋಗಿ ಪಟ್ಟಿ ತರುವಂತೆ ಬರೆಯಲು ಜ್ಯಾಂಗೋ ಅವಕಾಶ ಕೊಟ್ಟಿತು. 2005ರ ಜುಲೈನಲ್ಲಿ ಇದು ಮುಕ್ತ ತಂತ್ರಾಂಶವಾಗಿ ಹೊರಬಂತು. ಹೆಸರು ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್‌ನದು. ಅದೇ ವರ್ಷ ಮೈಕ್ರೋಸಾಫ್ಟ್ ಕೂಡ ಎಎಸ್‌ಪಿ ಡಾಟ್ ನೆಟ್‌ನಲ್ಲಿ 'ಮಾಸ್ಟರ್ ಪೇಜ್' ಎಂಬ ಇಂಥದೇ ಏರ್ಪಾಡನ್ನು ತಂದಿತು.

ಸಣ್ಣ ತಂಡವೂ ದೊಡ್ಡ ತಾಣ ನಡೆಸುವುದು ಇದರಿಂದ ಸಾಧ್ಯವಾಯಿತು. ಅದಕ್ಕೆ ತೆತ್ತ ಬೆಲೆ ತಡವಾಗಿ ಕಂಡಿತು. ಲಗ್ನಪತ್ರಿಕೆ ಒಮ್ಮೆ ಅಚ್ಚಾದರೆ ಹಾಗೇ ಉಳಿಯುತ್ತದೆ. ವೆಬ್ ಪುಟವಾದರೋ ಓದುಗ ಕೇಳಿದಾಗಲೆಲ್ಲ ಹೊಸದಾಗಿ ಅಚ್ಚಾಗುತ್ತದೆ. ಚೌಕಟ್ಟು ಬದಲಾದ ದಿನ ಹತ್ತು ವರ್ಷದ ಹಳೆಯ ಸುದ್ದಿಯೂ ಹೊಸ ಬಟ್ಟೆ ತೊಡುತ್ತದೆ. ಅದರ ಪಕ್ಕದಲ್ಲಿ ಕಾಣುವುದು ಇಂದಿನ ತಲೆಬರಹಗಳು, ಇಂದಿನ ಜಾಹೀರಾತು. ಅಂದು ಆ ಸುದ್ದಿ ಪುಟದ ಮೇಲ್ಗಡೆ ಇತ್ತೋ ಮೂಲೆಯಲ್ಲಿತ್ತೋ, ಯಾವುದರ ಜೊತೆಗಿತ್ತೋ ಎಂಬುದು ಡೇಟಾಬೇಸಿನ ಸಾಲಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಪತ್ರಿಕೆಯ ಹಳೆಯ ಮುಖಪುಟ ಓದುವ ಇತಿಹಾಸಕಾರರಿಗೆ ಬೇಕಾದದ್ದು ಅದೇ. ಯಾವ ಸುದ್ದಿಯನ್ನು ಸಂಪಾದಕರು ದೊಡ್ಡದೆಂದು ಬಗೆದರು ಎಂಬುದಕ್ಕೆ ಆ ಜೋಡಣೆಯೇ ಸಾಕ್ಷಿ.

ಕನ್ನಡದಲ್ಲೇ ಇದನ್ನು ಪರೀಕ್ಷಿಸಬಹುದು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಾ ತನ್ನ ಲೇಖನಗಳ ಪ್ರತಿ ತಿದ್ದುಪಡಿಯನ್ನೂ ಡೇಟಾಬೇಸಿನಲ್ಲಿ ಕಾಪಾಡುತ್ತದೆ. ಪಾರದರ್ಶಕತೆಯಲ್ಲಿ ಅದಕ್ಕೆ ಸಾಟಿ ಕಡಿಮೆ. ಒಂದು ಲೇಖನದ ಇತಿಹಾಸಕ್ಕೆ ಹೋಗಿ ಹದಿನೈದು ವರ್ಷ ಹಿಂದಿನ ಆವೃತ್ತಿ ತೆರೆದರೆ ಪಠ್ಯ ಅಂದಿನದೇ. ಸುತ್ತಲಿನ ಚೌಕಟ್ಟು ಮಾತ್ರ ಇಂದಿನದು. ಲೇಖನದೊಳಗಿನ ಮಾಹಿತಿಪಟ್ಟಿ ಟೆಂಪ್ಲೇಟಿನಿಂದ ಬಂದಿದ್ದರೆ ಅದೂ ಟೆಂಪ್ಲೇಟಿನ ಇಂದಿನ ರೂಪದಲ್ಲೇ ಮೂಡುತ್ತದೆ. ಆ ಟೆಂಪ್ಲೇಟನ್ನು ಅಳಿಸಿದ್ದರೆ ಅಲ್ಲಿ ಕೆಂಪು ಕೊಂಡಿಯೊಂದೇ ಉಳಿಯುತ್ತದೆ. ಅಂದಿನ ಓದುಗ ಕಂಡ ಪುಟ ಅದಲ್ಲ.

ಆ ಪುಟವನ್ನು ಉಳಿಸುವ ದಾರಿ ಒಂದೇ: ಅಚ್ಚಾದ ಗಳಿಗೆಯಲ್ಲೇ ಅದರ ಪ್ರತಿ ತೆಗೆದಿಡುವುದು. ಇಂಟರ್ನೆಟ್ ಆರ್ಕೈವ್ 1996ರಿಂದ ಈ ಕೆಲಸ ಮಾಡುತ್ತಿದೆ. 2001ರಲ್ಲಿ 'ವೇಬ್ಯಾಕ್ ಮೆಷಿನ್' ಮೂಲಕ ಅದನ್ನು ಎಲ್ಲರಿಗೂ ತೆರೆಯಿತು. ಆದರೆ ಅದರ ಯಂತ್ರಗಳು ನಡೆಯುವುದು ಕೊಂಡಿಯಿಂದ ಕೊಂಡಿಗೆ. ಯಾರಾದರೂ ಹುಡುಕು ಪೆಟ್ಟಿಗೆಯಲ್ಲಿ ಪದ ಬರೆದಾಗಷ್ಟೇ ಹುಟ್ಟುವ ಪುಟಗಳು ಅವುಗಳ ಕಣ್ಣಿಗೆ ಬೀಳುವುದು ಅಪರೂಪ. ಡೇಟಾಬೇಸ್‌ನ ಬ್ಯಾಕಪ್ ಇದೆಯೆಂದು ನಿಶ್ಚಿಂತರಾಗಿರುವ ಕನ್ನಡ ಪತ್ರಿಕೆಗಳು, ತಾಣದ ವಿನ್ಯಾಸ ಬದಲಿಸುವ ಮುನ್ನ ಹಳೆಯ ಟೆಂಪ್ಲೇಟುಗಳನ್ನೂ ಮುಖಪುಟದ ಕೆಲವು ಪ್ರತಿಗಳನ್ನೂ ತೆಗೆದಿಟ್ಟರೆ, ಮುಂದೆ ಈ ಕಾಲದ ಚರಿತ್ರೆ ಬರೆಯುವವರಿಗೆ ಸುದ್ದಿಯ ಜೊತೆ ಪುಟವೂ ಸಿಕ್ಕೀತು.