ಗಂಟಲಲ್ಲಿ ಸಿಕ್ಕಿಕೊಂಡದ್ದೇನು? ಎರಡೂವರೆ ಸಾವಿರ ವರ್ಷದ ಒಂದು ದೂರು

ಊಟ ಸಲೀಸಾಗಿ ಇಳಿಯುತ್ತದೆ, ನೀರೂ ಇಳಿಯುತ್ತದೆ. ಆದರೆ ಸುಮ್ಮನೆ ಕೂತು ಎಂಜಲು ನುಂಗಿದರೆ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಆಗುತ್ತದೆ. ಕೆಮ್ಮಿದರೂ ಹೋಗುವುದಿಲ್ಲ, ಕ್ಯಾಕರಿಸಿದರೂ ಬರುವುದಿಲ್ಲ. ಮನೆಯಲ್ಲಿ ಹೇಳಿಕೊಂಡರೆ ‘ಏನೂ ಇಲ್ಲ ಬಿಡು, ನಿನ್ನ ಭ್ರಮೆ’ ಅನ್ನುತ್ತಾರೆ. ಇನ್ನು ಕೆಲವರು ದನಿ ತಗ್ಗಿಸಿ ‘ಯಾರೋ ಮದ್ದು ಹಾಕಿರಬೇಕು’ ಅನ್ನುತ್ತಾರೆ.

ಈ ದೂರು ಇವತ್ತಿನದಲ್ಲ. ಇದನ್ನು ಹೇಳಿಕೊಂಡವರ ಮಾತನ್ನು, ಅದರಲ್ಲೂ ಹೆಂಗಸರ ಮಾತನ್ನು, ಜಗತ್ತು ಹೇಗೆ ಕೇಳಿಸಿಕೊಂಡಿತು ಅನ್ನುವುದಕ್ಕೇ ಒಂದು ಉದ್ದನೆಯ ಚರಿತ್ರೆ ಇದೆ.

ನಿಜವಾಗಿಯೂ ಏನಾದರೂ ಸಿಕ್ಕಿಕೊಂಡರೆ ಏನು ಮಾಡಬೇಕು ಅನ್ನುವುದನ್ನು ನಮ್ಮ ಹಳೆಯ ವೈದ್ಯರು ಚೆನ್ನಾಗಿ ಬಲ್ಲವರಾಗಿದ್ದರು. ಗಂಟಲಲ್ಲಿ ಮೂಳೆ ಅಡ್ಡ ಸಿಕ್ಕಿದರೆ ಕೂದಲಿನ ಉಂಡೆಗೆ ದಾರ ಕಟ್ಟಿ, ನೀರಿನಂಥ ಪದಾರ್ಥದ ಜೊತೆ ನುಂಗಿಸಿ, ಆಮೇಲೆ ದಾರ ಹಿಡಿದು ಎಳೆಯಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಮೂಳೆ ಕೂದಲಿಗೆ ಸಿಕ್ಕಿಕೊಂಡು ಹೊರಗೆ ಬರುತ್ತದೆ. ತುತ್ತು ಸಿಕ್ಕಿಕೊಂಡರೆ, ಅವನಿಗೆ ಗೊತ್ತಾಗದ ಹಾಗೆ ಹೆಗಲಿಗೆ ಒಂದು ಗುದ್ದು ಕೊಡಬೇಕು ಎಂಬ ಮಾತೂ ಅದರಲ್ಲಿದೆ.

ಕಷ್ಟ ಬಂದದ್ದು ಏನೂ ಕಾಣದಿದ್ದಾಗ. ಸುಮಾರು 1,800 ವರ್ಷಗಳ ಹಿಂದೆ ಚೀನಾದ ವೈದ್ಯ ಝಾಂಗ್ ಝೋಂಗ್‌ಜಿಂಗ್, ಗಂಟಲಲ್ಲಿ ಸುಟ್ಟ ಮಾಂಸದ ತುಣುಕು ಅಂಟಿಕೊಂಡಂತೆ ಅನ್ನಿಸುವ ಹೆಂಗಸರ ಕಾಯಿಲೆಯ ಬಗ್ಗೆ ಬರೆದು, ಅದಕ್ಕೊಂದು ಕಷಾಯವನ್ನೂ ಹೇಳಿದ. ಮುಂದೆ ಅಲ್ಲಿಯ ಜನ ಇದನ್ನು ಪ್ಲಮ್ ಹಣ್ಣಿನ ಓಟೆ ಸಿಕ್ಕಿಕೊಂಡದ್ದಕ್ಕೆ ಹೋಲಿಸಿ ಹೆಸರಿಟ್ಟರು.

ಗ್ರೀಸ್ ದೇಶದಲ್ಲಿ ಇನ್ನೂ ಮುಂಚೆಯೇ, ಅಂದರೆ ಸುಮಾರು 2,500 ವರ್ಷಗಳ ಹಿಂದೆ, ಹಿಪೊಕ್ರೆಟಿಸ್ ಪರಂಪರೆಯ ವೈದ್ಯರು ಬೇರೆಯೇ ಕಾರಣ ಕೊಟ್ಟಿದ್ದರು. ಹೆಂಗಸಿನ ಗರ್ಭಕೋಶ ತನ್ನ ಜಾಗ ಬಿಟ್ಟು ಮೇಲಕ್ಕೆ ಬರುತ್ತದೆ, ಅದರಿಂದಲೇ ಉಸಿರು ಕಟ್ಟುತ್ತದೆ ಎಂದು ಅವರು ನಂಬಿದ್ದರು. ಮೂಗಿಗೆ ಕೆಟ್ಟ ವಾಸನೆ ಹಿಡಿದು ಗರ್ಭಕೋಶವನ್ನು ಕೆಳಕ್ಕೆ ಓಡಿಸುವುದು ಅವರ ಚಿಕಿತ್ಸೆ. ಗ್ರೀಕ್ ಭಾಷೆಯಲ್ಲಿ ಗರ್ಭಕೋಶಕ್ಕೆ ‘ಹಿಸ್ಟೆರಾ’ ಅನ್ನುತ್ತಾರೆ. ನಾವು ಇವತ್ತಿಗೂ ಬಳಸುವ ‘ಹಿಸ್ಟೀರಿಯಾ’ ಪದ ಬಂದದ್ದು ಅಲ್ಲಿಂದಲೇ. ಗಂಟಲಿನ ಗಂಟಿಗೂ ವೈದ್ಯರು ‘ಗ್ಲೋಬಸ್ ಹಿಸ್ಟೆರಿಕಸ್’, ಅಂದರೆ ಹಿಸ್ಟೀರಿಯಾದ ಉಂಡೆ, ಎಂದು ಹೆಸರಿಟ್ಟರು.

1602ರಲ್ಲಿ ಲಂಡನ್ನಿನಲ್ಲಿ ಒಂದು ಪ್ರಕರಣ ನಡೆಯಿತು. ಮೇರಿ ಗ್ಲೋವರ್ ಎಂಬ 14 ವರ್ಷದ ಹುಡುಗಿಗೆ ಗಂಟಲು ಕಟ್ಟಿತು, ಮಾತು ನಿಂತಿತು, ಮೈ ಸೆಟೆದುಕೊಳ್ಳತೊಡಗಿತು. ಸ್ವಲ್ಪ ಮುಂಚೆ ಎಲಿಜಬೆತ್ ಜಾಕ್ಸನ್ ಎಂಬ ಬಡ ಮುದುಕಿ ಅವಳೊಂದಿಗೆ ಜಗಳವಾಡಿ ಶಾಪ ಹಾಕಿದ್ದಳು. ‘ಇದು ಆ ಮುದುಕಿಯದೇ ಮಾಟ’ ಎಂದು ಮೊಕದ್ದಮೆ ಹೂಡಿದರು. ಎಡ್ವರ್ಡ್ ಜೋರ್ಡನ್ ಎಂಬ ವೈದ್ಯ ನ್ಯಾಯಾಲಯದಲ್ಲಿ ನಿಂತು, ಇದು ಮಾಟವಲ್ಲ, ಕಾಯಿಲೆ ಎಂದು ಸಾಕ್ಷಿ ಹೇಳಿದ. ನ್ಯಾಯಾಧೀಶರು ಒಪ್ಪಲಿಲ್ಲ. ಮುದುಕಿಗೆ ಒಂದು ವರ್ಷ ಸೆರೆವಾಸದ ಶಿಕ್ಷೆಯಾಯಿತು.

ಮರುವರ್ಷ ಜೋರ್ಡನ್ ಇದರ ಬಗ್ಗೆ ಪುಸ್ತಕವನ್ನೇ ಬರೆದ. ಮಾಟದ ಆರೋಪ ಹೊತ್ತವರ ಪರವಾಗಿ ನಿಂತದ್ದು ಅವನ ದೊಡ್ಡತನ. ಆದರೆ ಅವನು ಕೊಟ್ಟ ಕಾರಣ ಮತ್ತೆ ಅದೇ ಗರ್ಭಕೋಶ. ತಪ್ಪು ಮುದುಕಿಯ ತಲೆಯಿಂದ ಇಳಿದು ಹುಡುಗಿಯ ಹೊಟ್ಟೆಗೆ ಬಂತು. ನಮ್ಮಲ್ಲೂ ‘ಮದ್ದು ಹಾಕಿದಳು’ ಎಂಬ ಅಪವಾದ ಸಾಮಾನ್ಯವಾಗಿ ಬರುವುದು ಒಂಟಿ ಮುದುಕಿಯ ಮೇಲೋ ವಿಧವೆಯ ಮೇಲೋ ಎಂಬುದನ್ನು ಇಲ್ಲಿ ನೆನೆಯಬೇಕು.

1707ರಲ್ಲಿ ಜಾನ್ ಪರ್ಸೆಲ್ ಎಂಬ ಇಂಗ್ಲಿಷ್ ವೈದ್ಯ, ಕತ್ತಿನ ಮುಂಭಾಗದ ಸ್ನಾಯುಗಳು ಬಿಗಿದು ಗಂಟಲನ್ನು ಒತ್ತುವುದರಿಂದ ಹೀಗಾಗುತ್ತದೆ ಎಂದ. ಅದು ಸತ್ಯಕ್ಕೆ ಹತ್ತಿರದ ಮಾತು. ಆದರೂ ಹಳೆಯ ಹೆಸರು ಹೋಗಲಿಲ್ಲ.

ಅಲ್ಲಿಯವರೆಗೆ ಬದುಕಿರುವ ಮನುಷ್ಯನ ಗಂಟಲಿನ ಆಳವನ್ನು ಸರಿಯಾಗಿ ನೋಡುವ ದಾರಿಯೇ ವೈದ್ಯರಿಗೆ ಇರಲಿಲ್ಲ. ಅದನ್ನು ತೋರಿಸಿಕೊಟ್ಟವನು ವೈದ್ಯನಲ್ಲ, ಸಂಗೀತದ ಮೇಷ್ಟ್ರು. ಸ್ಪೇನ್ ಮೂಲದ ಮ್ಯಾನುಯೆಲ್ ಗಾರ್ಸಿಯಾ 1854ರಲ್ಲಿ ಪ್ಯಾರಿಸ್ಸಿನಲ್ಲಿ ಹಲ್ಲಿನ ಡಾಕ್ಟರು ಬಳಸುವ ಪುಟ್ಟ ಕನ್ನಡಿಯನ್ನು ಬಾಯೊಳಗೆ ಇಟ್ಟು, ಇನ್ನೊಂದು ಕನ್ನಡಿಯಿಂದ ಸೂರ್ಯನ ಬೆಳಕು ಹಾಯಿಸಿ, ತನ್ನ ಧ್ವನಿಪೆಟ್ಟಿಗೆಯನ್ನು ತಾನೇ ನೋಡಿದ. ಮುಂದೆ ವೈದ್ಯರೂ ಅದೇ ದಾರಿ ಹಿಡಿದರು.

ನೋಡುವ ಸಾಧನ ಬಂದ ಮೇಲೂ ಹೆಸರು ಎಷ್ಟು ಅನಾಹುತ ಮಾಡಬಲ್ಲದು ಅನ್ನುವುದಕ್ಕೆ ಮುಂದಿನ ಉದಾಹರಣೆ. ಊಟವೇ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಹೇಳುತ್ತಿದ್ದ ಕೆಲವು ಹೆಂಗಸರಿದ್ದರು. ಬಿಳಿಚಿದ ಮುಖ, ತುಟಿಯಂಚಿನಲ್ಲಿ ಬಿರುಕು, ಮೈಯಲ್ಲಿ ರಕ್ತ ಕಡಿಮೆ. 1919ರಲ್ಲಿ ಬ್ರಿಟನ್ನಿನ ಪ್ಯಾಟರ್ಸನ್ ಮತ್ತು ಬ್ರೌನ್ ಕೆಲ್ಲಿ ಎಂಬ ಇಬ್ಬರು ಗಂಟಲು ವೈದ್ಯರು ಇಂಥವರ ಬಗ್ಗೆ ಬೇರೆ ಬೇರೆಯಾಗಿ ಬರೆದರು. ಆದರೂ 1922ರಲ್ಲಿ ಅಮೆರಿಕದ ವೈದ್ಯ ವಿನ್ಸನ್ ಇದೇ ತೊಂದರೆಯ ಬಗ್ಗೆ ಬರೆದ ಲೇಖನದ ಶೀರ್ಷಿಕೆಯಲ್ಲಿ ‘ಹಿಸ್ಟೀರಿಯಾ’ ಇತ್ತು. ಅದು ಹಿಸ್ಟೀರಿಯಾ ಆಗಿರಲಿಲ್ಲ. ಕಬ್ಬಿಣಾಂಶದ ಕೊರತೆ ಇರುವ ಇಂಥವರ ಅನ್ನನಾಳದ ಮೇಲ್ಭಾಗದಲ್ಲಿ ತೆಳು ಪೊರೆ ಬೆಳೆದು ದಾರಿಯನ್ನು ಕಿರಿದು ಮಾಡುತ್ತದೆ. ಕಬ್ಬಿಣದ ಮಾತ್ರೆಯಿಂದಲೇ ಎಷ್ಟೋ ಜನರಿಗೆ ಗುಣ ಸಿಗುತ್ತದೆ. ಬಿಟ್ಟರೆ ಕೆಲವರಲ್ಲಿ ಗಂಟಲ ಕ್ಯಾನ್ಸರಿಗೂ ದಾರಿಯಾಗಬಹುದು.

ಇದು ದೂರದ ಕಥೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಮಾತ್ರೆ ಎಷ್ಟೋ ಮನೆಗಳಲ್ಲಿ ಗೂಡಿನಲ್ಲೇ ಉಳಿದಿರುತ್ತದೆ.

ಕೊನೆಗೆ 1968ರಲ್ಲಿ ಮ್ಯಾಲ್ಕಮ್‌ಸನ್ ಎಂಬ ಗಂಟಲು ವೈದ್ಯ, ಈ ದೂರು ಹೇಳುವವರಲ್ಲಿ ಹೆಚ್ಚಿನವರಿಗೆ ಹಿಸ್ಟೀರಿಯಾ ಇಲ್ಲವೇ ಇಲ್ಲ ಎಂದು ಹೇಳಿ, ‘ಗ್ಲೋಬಸ್ ಫ್ಯಾರಿಂಜಿಯಸ್’, ಅಂದರೆ ಗಂಟಲಿನ ಉಂಡೆ, ಎಂಬ ಹೊಸ ಹೆಸರು ಕೊಟ್ಟ. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ಹಿಸ್ಟೀರಿಯಾ ಎಂಬ ರೋಗದ ಹೆಸರೇ ಹೋಯಿತು. ಗಂಟಲಿನ ಈ ಅನುಭವ ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಡಿಮೆ ಸಮವಾಗಿಯೇ ಆಗುತ್ತದೆ, ವೈದ್ಯರ ಬಳಿ ಹೋಗಿ ಹೇಳಿಕೊಳ್ಳುವವರಲ್ಲಿ ಹೆಂಗಸರು ಹೆಚ್ಚು ಎಂಬುದೂ ಆಮೇಲೆ ತಿಳಿಯಿತು. ಹೇಳಿಕೊಂಡದ್ದಕ್ಕೇ ಅದು ಅವರ ಕಾಯಿಲೆ ಅನ್ನಿಸಿಕೊಂಡಿತ್ತು.

ಇವತ್ತು ವೈದ್ಯರು ಹೇಳುವ ಕಾರಣಗಳು ಹಲವು: ಹೊಟ್ಟೆಯ ಆಮ್ಲ ಮೇಲಕ್ಕೆ ಬರುವುದು, ಅನ್ನನಾಳದ ಬಾಯಿಯ ಸ್ನಾಯು ಬಿಗಿಯುವುದು, ಪದೇ ಪದೇ ಗಂಟಲು ಕೆರೆಯುವ ಅಭ್ಯಾಸ. ಚಿಂತೆ, ದುಃಖವೂ ಇದನ್ನು ಹೆಚ್ಚಿಸುತ್ತವೆ. ಹಾಗೆಂದು ಅದು ಸುಳ್ಳಲ್ಲ. ಅಳು ತಡೆದಾಗ ಗಂಟಲು ಕಟ್ಟುವುದು ಎಲ್ಲರಿಗೂ ಗೊತ್ತು. ಅದು ನಿಜವಾದ ಬಿಗಿತವೇ.

ಎಂಜಲು ನುಂಗುವಾಗ ಮಾತ್ರ ಕಾಡಿ, ಊಟ ಮಾಡುವಾಗ ಮಾಯವಾದರೆ ಸಾಮಾನ್ಯವಾಗಿ ಹೆದರುವಂಥದ್ದಲ್ಲ. ಆದರೆ ಊಟವೇ ಸಿಕ್ಕಿಕೊಂಡರೆ, ನುಂಗುವಾಗ ನೋವಾದರೆ, ಒಂದೇ ಪಕ್ಕದಲ್ಲಿ ಚುಚ್ಚಿದರೆ, ಮೂರು ವಾರ ಕಳೆದರೂ ದನಿ ಒಡೆದೇ ಇದ್ದರೆ, ಕತ್ತಿನಲ್ಲಿ ಗಂಟು ಕಂಡರೆ, ತೂಕ ಇಳಿದರೆ ತಡಮಾಡದೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಬೇಕು. ಎಲೆಅಡಿಕೆ, ಹೊಗೆಸೊಪ್ಪು, ಗುಟ್ಕಾ, ಬೀಡಿ ಅಭ್ಯಾಸ ಇರುವವರಂತೂ ಕಾಯಲೇಬಾರದು.

ಮನೆಯಲ್ಲಿ ಅಮ್ಮನೋ ಅತ್ತೆಯೋ ‘ಗಂಟಲಲ್ಲಿ ಏನೋ ಇದೆ’ ಅಂದರೆ, ಮೊದಲು ‘ಊಟ ಇಳಿಯುತ್ತದಾ?’ ಎಂದು ಕೇಳಿ. ಮದ್ದು ತೆಗೆಸುವವರ ಮನೆಗೆ ಹೋಗುವ ಬಸ್ಸಿನ ದುಡ್ಡಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ.