ಕೆಸರುಗದ್ದೆಯ ಜ್ವರ ಮತ್ತು ರಕ್ತದ ಸಾಕ್ಷ್ಯ



ನಮ್ಮ ಕುಟುಂಬದ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಆಟಿಯ ಮಳೆಯಲ್ಲಿ ಗದ್ದೆಗಿಳಿದು ನಾಟಿ ಮಾಡಿಸಿ ಬಂದವರು ಜ್ವರ ಹಿಡಿದು ಮಲಗಿದರು. ಸಕ್ಕರೆ ಕಾಯಿಲೆ ಮೊದಲೇ ಇತ್ತು. ವೈಡಾಲ್ ಪರೀಕ್ಷೆ ಮಾಡಿಸಿದಾಗ ಟೈಫಾಯಿಡ್ ಎಂದಾಯಿತು. ಜ್ವರ ಇಳಿಯಲಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ನೆರಳು ಕಂಡಿತು. ಕ್ಷಯವೆಂದು ಮಾತ್ರೆ ಆರಂಭವಾಯಿತು. ಮೂರು ತಿಂಗಳು ಕಳೆದರೂ ಗುಣ ಕಾಣದೆ, ಕೊನೆಗೆ ಯಕೃತ್ತಿನಲ್ಲಿ ಕೀವು ತುಂಬಿದಾಗ, ಮತ್ತೊಂದು ಆಸ್ಪತ್ರೆಯಲ್ಲಿ ಆ ಕೀವನ್ನು ಕಲ್ಚರ್‌ಗೆ ಹಾಕಿದರು. ಆಗ ಹೊರಬಂದ ಹೆಸರನ್ನು ನಾನು ಅಂದೇ ಮೊದಲು ಕೇಳಿದ್ದು: ಮೆಲಿಯಾಯ್ಡೋಸಿಸ್.

ಯಾರನ್ನೂ ದೂರುವ ಉದ್ದೇಶದಿಂದ ಇದನ್ನು ಬರೆಯುತ್ತಿಲ್ಲ. ನಲವತ್ತು ವರ್ಷ ಇತಿಹಾಸ ಪಾಠ ಹೇಳಿದವನಿಗೆ ಸಹಜವಾಗಿ ಬರುವ ಪ್ರಶ್ನೆಯೊಂದು ಬಂದಿತು: ಇಷ್ಟು ಸಲ ರಕ್ತ ತೆಗೆದರೂ ರಕ್ತವು ನಿಜವನ್ನು ಏಕೆ ಹೇಳಲಿಲ್ಲ? ಆ ಪ್ರಶ್ನೆಯ ಬೆನ್ನು ಹತ್ತಿ ಓದಿದಾಗ ತಿಳಿದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಕಥೆ ಆರಂಭವಾಗುವುದು 1911ರ ರಂಗೂನಿನಲ್ಲಿ. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. ಅಲ್ಲಿನ ಜನರಲ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ಆಲ್‌ಫ್ರೆಡ್ ವಿಟ್‌ಮೋರ್ ಮತ್ತು ಆತನ ಸಹಾಯಕ ಸಿ.ಎಸ್. ಕೃಷ್ಣಸ್ವಾಮಿ ಶವಪರೀಕ್ಷೆಗಳಲ್ಲಿ ವಿಚಿತ್ರವೊಂದನ್ನು ಕಂಡರು. ಸತ್ತವರು ಬಹುಪಾಲು ನಿರ್ಗತಿಕರು, ಮಾರ್ಫಿನ್ ಚುಚ್ಚಿಕೊಳ್ಳುವ ವ್ಯಸನಿಗಳು. ಶ್ವಾಸಕೋಶ, ಯಕೃತ್ತು, ಗುಲ್ಮಗಳಲ್ಲಿ ಕೀವಿನ ಗಂಟುಗಳು. ನೋಡಿದರೆ ಕುದುರೆಗಳಿಗೆ ಬರುವ ಗ್ಲ್ಯಾಂಡರ್ಸ್ ರೋಗದಂತೆಯೇ ಇತ್ತು. ಆದರೆ ಇವರಿಗೂ ಕುದುರೆಗಳಿಗೂ ಯಾವ ನಂಟೂ ಇರಲಿಲ್ಲ. ಕೀವಿನಿಂದ ಬೆಳೆಸಿದ ಬ್ಯಾಕ್ಟೀರಿಯಾ ಗ್ಲ್ಯಾಂಡರ್ಸಿನದಕ್ಕಿಂತ ವೇಗವಾಗಿ ಬೆಳೆಯಿತು, ಮೇಲಾಗಿ ಅದು ಚಲಿಸುತ್ತಿತ್ತು, ಗ್ಲ್ಯಾಂಡರ್ಸಿನದು ಚಲಿಸುವುದಿಲ್ಲ. ಇದು ಹೊಸ ರೋಗವೆಂದು 1912ರಲ್ಲಿ ಅವರು ‘ಇಂಡಿಯನ್ ಮೆಡಿಕಲ್ ಗೆಜೆಟ್’ನಲ್ಲಿ ಪ್ರಕಟಿಸಿದರು. 1917ರಲ್ಲಿ ಕೃಷ್ಣಸ್ವಾಮಿಯವರು ಇದೇ ರೋಗದ ಬಗ್ಗೆ ಸ್ವತಂತ್ರವಾಗಿ ಇನ್ನೊಂದು ಲೇಖನ ಬರೆದರು. ಆದರೂ ಲೋಕವು ಅದನ್ನು ಕರೆದದ್ದು ವಿಟ್‌ಮೋರ್ ರೋಗವೆಂದೇ. ಸಹಾಯಕನ ಹೆಸರು ಅಡಿಟಿಪ್ಪಣಿಗೆ ಇಳಿಯುವುದು ವಸಾಹತು ಕಾಲದ ಇತಿಹಾಸದಲ್ಲಿ ನಮಗೇನೂ ಹೊಸತಲ್ಲವಷ್ಟೆ.

ಮೆಲಿಯಾಯ್ಡೋಸಿಸ್ ಎಂಬ ಹೆಸರನ್ನು 1921ರಲ್ಲಿ ಕೊಟ್ಟವರು ಮಲಯಾದಲ್ಲಿದ್ದ ಸ್ಟ್ಯಾಂಟನ್ ಮತ್ತು ಫ್ಲೆಚರ್. ಬ್ಯಾಕ್ಟೀರಿಯಾಕ್ಕೆ ಇಂದಿನ ಹೆಸರು ಬರ್ಕ್‌ಹೋಲ್ಡೇರಿಯಾ ಸೂಡೊಮ್ಯಾಲಿಯೈ. ಅದರ ವಾಸ ಮಣ್ಣಿನಲ್ಲಿ, ನಿಂತ ನೀರಿನಲ್ಲಿ. ಬರಿಗಾಲಿನ ಗಾಯದಿಂದಲೋ ಉಸಿರಿನಿಂದಲೋ ಒಳಹೊಕ್ಕರೆ ಕೆಲವರನ್ನು ದಿನಗಳಲ್ಲಿ ಕೊಲ್ಲುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಸುಪ್ತವಾಗಿ ಕೂರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಲ್ಲಿದ್ದ ಸೈನಿಕನೊಬ್ಬನಲ್ಲಿ ಅದು 62 ವರ್ಷಗಳ ಬಳಿಕ ಕಾಣಿಸಿಕೊಂಡಿತೆಂದು 2005ರಲ್ಲಿ ವರದಿಯಾಯಿತು.

ರಂಗೂನಿನಲ್ಲಿ ರೋಗ ತಿಳಿದದ್ದು ಸತ್ತವರಿಂದ. ಬದುಕಿರುವವರಲ್ಲಿ ತಿಳಿಯಬೇಕಾದರೆ ರಕ್ತವನ್ನು ಕೇಳಬೇಕು. ಅದಕ್ಕೆ ದಾರಿಯೊಂದು ಆಗಲೇ ಇತ್ತು. 1896ರಲ್ಲಿ ಪ್ಯಾರಿಸ್ಸಿನ ಫೆರ್ನಾಂಡ್ ವೈಡಾಲ್, ಟೈಫಾಯಿಡ್ ರೋಗಿಯ ರಕ್ತದ್ರವವನ್ನು ಆ ರೋಗದ ಬ್ಯಾಕ್ಟೀರಿಯಾದೊಂದಿಗೆ ಬೆರೆಸಿದರೆ ಅವು ಒಂದಕ್ಕೊಂದು ಅಂಟಿ ಗುಂಪುಗೂಡುತ್ತವೆಂದು ತೋರಿಸಿದ್ದರು. ದೇಹವು ಶತ್ರುವಿನ ವಿರುದ್ಧ ತಯಾರಿಸುವ ಪ್ರತಿಕಾಯಗಳ ಕೆಲಸ ಅದು. ಇದೇ ತತ್ತ್ವದ ಮೇಲೆ 1960ರ ದಶಕದಲ್ಲಿ ಮೆಲಿಯಾಯ್ಡೋಸಿಸ್‌ಗೂ ಪರೀಕ್ಷೆ ರೂಪುಗೊಂಡಿತು. ಕುರಿಯ ಕೆಂಪು ರಕ್ತಕಣಗಳ ಮೇಲೆ ಬ್ಯಾಕ್ಟೀರಿಯಾದ ಸಾರವನ್ನು ಲೇಪಿಸಿ ರೋಗಿಯ ರಕ್ತದ್ರವ ಹಾಕುವುದು. ಪ್ರತಿಕಾಯವಿದ್ದರೆ ಕಣಗಳು ಒಂದಕ್ಕೊಂದು ಹೆಣೆದು ಜಾಲದಂತೆ ಹರಡುತ್ತವೆ. ಇಲ್ಲವಾದರೆ ತಳದಲ್ಲಿ ಗುಂಡಿಯಂತೆ ಕೂರುತ್ತವೆ. ಅಗ್ಗ, ಸರಳ. ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರಲ್ಲಿ ಸುಪ್ತ ಸೋಂಕನ್ನು ಹುಡುಕಲು ಇಂಥ ಪರೀಕ್ಷೆಯೇ ನೆರವಾಯಿತು. ಅವರಿಗೆ ಅದು ಹೊಂದುತ್ತಿತ್ತು, ಏಕೆಂದರೆ ಅವರ ತಾಯ್ನಾಡಿನ ಮಣ್ಣಿನಲ್ಲಿ ಈ ಬ್ಯಾಕ್ಟೀರಿಯಾದ ಪರಿಚಯ ಅವರಿಗೆ ಆಗಿರಲಿಲ್ಲ.

ಈಶಾನ್ಯ ಥಾಯ್ಲೆಂಡಿನಲ್ಲಿ ಅದೇ ಪರೀಕ್ಷೆ ಎಡವಿತು. ಗದ್ದೆಯ ಬದುವಿನಲ್ಲೇ ಆಡಿ ಬೆಳೆಯುವ ಅಲ್ಲಿನ ಮಕ್ಕಳಲ್ಲಿ ಬಹುಪಾಲು ಶಾಲೆ ಸೇರುವ ಮೊದಲೇ ಈ ಬ್ಯಾಕ್ಟೀರಿಯಾವನ್ನೋ ಅದರ ನಿರುಪದ್ರವಿ ಬಂಧುವನ್ನೋ ಎದುರಿಸಿ ಪ್ರತಿಕಾಯ ಪಡೆದಿರುತ್ತಾರೆ. ಬೇರೆ ಜ್ವರ ಬಂದು ಬಂದವನ ರಕ್ತವೂ ‘ಹೌದು’ ಎನ್ನುತ್ತದೆ. ತದ್ವಿರುದ್ಧವಾಗಿ, ನಿಜವಾದ ರೋಗದಿಂದ ಸಾಯುತ್ತಿರುವವನ ದೇಹ ಇನ್ನೂ ಪ್ರತಿಕಾಯ ತಯಾರಿಸಿಯೇ ಇರದೆ ಅವನ ರಕ್ತ ‘ಇಲ್ಲ’ ಎನ್ನಬಹುದು. ನಾವು ಕೇಳಿದ್ದು ‘ಈಗ ಶತ್ರು ಒಳಗಿದ್ದಾನೆಯೇ’ ಎಂದು. ರಕ್ತ ಉತ್ತರಿಸಿದ್ದು ‘ಎಂದಾದರೂ ಕಂಡಿದ್ದೇನೆಯೇ’ ಎಂಬ ಪ್ರಶ್ನೆಗೆ. ನಮ್ಮೂರ ವೈಡಾಲ್ ಪರೀಕ್ಷೆಯ ತೊಂದರೆಯೂ ಬಹುಮಟ್ಟಿಗೆ ಇದೇ.

ಹಾಗಾದರೆ ಬ್ಯಾಕ್ಟೀರಿಯಾವನ್ನೇ ಬೆಳೆಸಿ ನೋಡಬಾರದೇಕೆ? ನೋಡುತ್ತಾರೆ, ಅಂತಿಮ ಪ್ರಮಾಣ ಇಂದಿಗೂ ಅದೇ. ಆಸ್ಟ್ರೇಲಿಯಾದ ಆ್ಯಶ್‌ಡೌನ್ 1979ರಲ್ಲಿ ಇದಕ್ಕೆಂದೇ ವಿಶೇಷ ಮಾಧ್ಯಮವೊಂದನ್ನು ರೂಪಿಸಿದರು. ಇತರ ಸೂಕ್ಷ್ಮಜೀವಿಗಳನ್ನು ತಡೆದು ಇದನ್ನು ಮಾತ್ರ ನೇರಳೆ ಬಣ್ಣದ ಸುಕ್ಕುಸುಕ್ಕು ವಸಾಹತುಗಳಾಗಿ ಬೆಳೆಯಗೊಡುವಂಥದು. ಆದರೆ ಕಲ್ಚರ್‌ಗೆ ಮೂರು ನಾಲ್ಕು ದಿನ ಹಿಡಿಯುತ್ತದೆ. ಇನ್ನೊಂದು ತೊಡಕು ನನಗೆ ಅಚ್ಚರಿ ತಂದಿತು. ಕೀವಿನ ಒಂದು ಮಿಲಿಲೀಟರಿನಲ್ಲಿ ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದಾದರೆ, ರಕ್ತದ ಒಂದು ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೋ ಎರಡೋ! ಕಲ್ಚರ್ ಸಹ ನೂರು ರೋಗಿಗಳಲ್ಲಿ ಸುಮಾರು 60 ಜನರನ್ನಷ್ಟೇ ಹಿಡಿಯುತ್ತದೆಂದು 2010ರ ಅಧ್ಯಯನವೊಂದು ಅಂದಾಜಿಸಿತು.

ಈ ವಿಳಂಬದ ಬೆಲೆ ಏನೆಂಬುದಕ್ಕೆ ಇನ್ನೊಂದು ಸಂಖ್ಯೆ ಸಾಕು. ತೀವ್ರ ರೋಗಿಗಳಿಗೆ ಹಳೆಯ ಔಷಧಗಳ ಬದಲು ಸೆಫ್ಟಾಜಿಡೈಮ್ ಕೊಟ್ಟಾಗ ಸಾವಿನ ಪ್ರಮಾಣ ಶೇಕಡಾ 74ರಿಂದ 37ಕ್ಕೆ ಇಳಿಯಿತೆಂದು 1989ರಲ್ಲಿ ಥಾಯ್ಲೆಂಡಿನ ಪ್ರಯೋಗವೊಂದು ತೋರಿಸಿತು. ಸಾಮಾನ್ಯ ಪೆನಿಸಿಲಿನ್, ಜೆಂಟಾಮೈಸಿನ್‌ಗಳಿಗೆ ಈ ರೋಗ ಮಣಿಯುವುದಿಲ್ಲ. ಹೆಸರು ತಿಳಿಯದೆ ಮದ್ದು ತಿಳಿಯದು.

ಸುಧಾರಣೆ ಎರಡು ದಾರಿಗಳಲ್ಲಿ ನಡೆಯಿತು. ಒಂದು, ಪ್ರತಿಕಾಯಕ್ಕೆ ಹಾಕುವ ಪ್ರಶ್ನೆಯನ್ನೇ ಚುರುಕುಗೊಳಿಸುವುದು. ಇಡೀ ಬ್ಯಾಕ್ಟೀರಿಯಾದ ಕಲಸುಮೇಲೋಗರದ ಬದಲು ಅದರ ಒಂದೇ ಪ್ರೋಟೀನನ್ನು ಬಳಸುವುದು. ಬ್ಯಾಂಕಾಕಿನ ಮಹಿಡೋಲ್ ವಿಶ್ವವಿದ್ಯಾಲಯದವರು ಆರಿಸಿದ್ದು ಎಚ್‌ಸಿಪಿ1 ಎಂಬ ಪ್ರೋಟೀನನ್ನು. ಬ್ಯಾಕ್ಟೀರಿಯಾ ನಮ್ಮ ಜೀವಕೋಶದೊಳಗೆ ನುಗ್ಗಿ, ಅಕ್ಕಪಕ್ಕದ ಕೋಶಗಳನ್ನು ಬೆಸೆದು ಹರಡಲು ಬಳಸುವ ಆಯುಧವ್ಯವಸ್ಥೆಯ ಭಾಗ ಅದು. ಅಂಗಳಕ್ಕೆ ಬಂದುಹೋದವನನ್ನಲ್ಲ, ಮನೆ ಹೊಕ್ಕವನನ್ನು ಗುರುತಿಸುವ ಸಾಕ್ಷಿಯೆನ್ನೋಣ. 2018ರ ಹೊತ್ತಿಗೆ ಇದನ್ನು ಗರ್ಭಪರೀಕ್ಷೆಯ ಪಟ್ಟಿಯಂಥ ಸರಳ ಪಟ್ಟಿಯ ಮೇಲೂ ತಂದರು. ಹಳೆಯ ಪರೀಕ್ಷೆಗಿಂತ ಇದು ಬಹಳ ಉತ್ತಮ, ಆದರೂ ಪೂರ್ಣ ನಿಖರವಲ್ಲ.

ಎರಡನೆಯದು, ನೆನಪನ್ನು ಬಿಟ್ಟು ಬ್ಯಾಕ್ಟೀರಿಯಾದ ತುಣುಕನ್ನೇ ಹುಡುಕುವುದು. ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಂದ ಪಟ್ಟಿಯೊಂದು ಅದರ ಹೊರಕವಚದ ಸಕ್ಕರೆಯಂಥ ವಸ್ತುವನ್ನು ಹದಿನೈದು ನಿಮಿಷಗಳಲ್ಲಿ ಗುರುತಿಸುತ್ತದೆ. ಕೀವಿನಲ್ಲಿ, ಬೆಳೆದ ಕಲ್ಚರ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ನೇರ ರಕ್ತದಲ್ಲಿ ಮಾತ್ರ ಸೋಲುತ್ತದೆ, ಕಾರಣ ಮೇಲೆ ಹೇಳಿದ ಅದೇ ಬಡತನ. 2024ರಲ್ಲಿ ಥಾಯ್ಲೆಂಡಿನಿಂದ ಪ್ರಕಟವಾದ ಕ್ರಿಸ್ಪರ್ ವಿಧಾನ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೇ ವರ್ಧಿಸಿ ಹುಡುಕಿತು. ನಾಲ್ಕು ಗಂಟೆಗಳೊಳಗೆ ಫಲಿತಾಂಶ, ಕಲ್ಚರ್ ಶೇಕಡಾ 67ರಷ್ಟು ರೋಗಿಗಳನ್ನು ಹಿಡಿದಲ್ಲಿ ಇದು 93ರಷ್ಟನ್ನು ಹಿಡಿಯಿತು.

ನಮ್ಮ ದೇಶದ ವಿಷಯ. 1996ರಲ್ಲಿ ವೆಲ್ಲೂರಿನ ಜೇಕಬ್ ಜಾನ್ ಮತ್ತು ಸಂಗಡಿಗರು, ಭಾರತದಲ್ಲಿ ಕಂಡಿರುವುದು ನೀರ್ಗಲ್ಲಿನ ತುದಿ ಮಾತ್ರವೇ ಎಂದು ಕೇಳಿದ್ದರು. 2016ರ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 1,65,000 ಜನರಿಗೆ ಈ ರೋಗ ಬಂದು 89,000 ಜನ ಸಾಯುತ್ತಾರೆ. ಅದರಲ್ಲಿ ದೊಡ್ಡ ಪಾಲು ದಕ್ಷಿಣ ಏಷ್ಯಾದ್ದು. ನಮ್ಮ ಕರಾವಳಿಯಲ್ಲಿ ಮಳೆ, ಗದ್ದೆ, ಸಕ್ಕರೆ ಕಾಯಿಲೆ ಮೂರೂ ಒಟ್ಟಿಗಿವೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಡಾ. ಚಿರಂಜಯ್ ಮುಖ್ಯೋಪಾಧ್ಯಾಯ ಮೊದಲಾದವರು ವರ್ಷಗಳಿಂದ ಇದರ ಮೇಲೆ ದುಡಿದಿದ್ದಾರೆ. ಗುರುತು ತಿಳಿಯದ ಪ್ರಯೋಗಾಲಯದಲ್ಲಿ ಈ ಬ್ಯಾಕ್ಟೀರಿಯಾ ಬೆಳೆದರೂ ‘ಯಾವುದೋ ಸೂಡೊಮೊನಾಸ್’ ಎಂದು ಬರೆದು ಬಿಸಾಡುವ ಸಂಭವವಿದೆ. ಎಷ್ಟೇ ಉತ್ತಮ ಪರೀಕ್ಷೆಯಿದ್ದರೂ ಅದನ್ನು ಮಾಡಿಸಬೇಕೆಂದು ವೈದ್ಯರಿಗೆ ತೋಚಬೇಕಲ್ಲ!

ನಮ್ಮ ಹಿರಿಯರು ಎರಡು ವಾರ ರಕ್ತನಾಳದ ಮೂಲಕ ಔಷಧ ಪಡೆದು, ಮತ್ತೆ ತಿಂಗಳುಗಟ್ಟಲೆ ಮಾತ್ರೆ ನುಂಗಿ ಗುಣಮುಖರಾದರು. ಗದ್ದೆಗೆ ಇಳಿಯಬೇಡಿರೆಂದರೆ ಕೇಳುವವರಲ್ಲ. ಈಗ ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು ಇಳಿಯುತ್ತಾರೆ. ಕೆಸರಿನಲ್ಲಿ ಅದು ಹೂತುಹೋದಾಗ ನನ್ನನ್ನೂ ವಿಟ್‌ಮೋರ್‌ನನ್ನೂ ಒಟ್ಟಿಗೇ ಬಯ್ಯುತ್ತಾರಂತೆ.